ಹಣ್ಣಾಗಲಿ ಎಂದು ಕಾದ ಕಣ್ಣು

‘ಹಣ್ಣಾಗಲಿ’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾವಿನಕಾಯಿಗೆ ಹೇಳಲಿ, ಹಲಸಿಗೆ ಹೇಳಲಿ, ನನ್ನ ತಕರಾರಿಲ್ಲ. ಮನುಷ್ಯರ ಕಣ್ಣಿಗೆ ಹೇಳಬಾರದು. ನನ್ನ ಅತ್ತೆಯ ಎಡಗಣ್ಣಿಗೆ ಹೇಳಿದರು. ನಾವು ಕಾದೆವು. ಅದು ಹಣ್ಣಾಯಿತು, ಹಣ್ಣು ಮೀರಿತು, ಒಂದು ಮಳೆಗಾಲದಲ್ಲಿ ಸತ್ತೇ ಹೋಯಿತು. ಉಳಿದ ಬಲಗಣ್ಣಿಗಾಗಿ ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ಕೋಪ ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಇನ್ನಂಜೆಯ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಗಂಡ ಮುಂಬಯಿಯಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಮನೆ. ಅತ್ತೆಯನ್ನು ನಾವು ಮಾಂಯ್ ಎನ್ನುತ್ತೇವೆ. ಮನೆಯ ಮುಂದೆ ಮಲ್ಲಿಗೆ ಗಿಡಗಳಿದ್ದವು. ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹತ್ತು ಗಂಟೆಯೊಳಗೆ ಹೂವು ಕೊಳ್ಳುವವರ ಕಟ್ಟೆಗೆ ಮುಟ್ಟಿಸಬೇಕು. ಮಾಂಯ್ ಕಟ್ಟಿದ ಹೂವಿನ ಚೆಂಡನ್ನು ಕಟ್ಟೆಯವರು ಬಿಚ್ಚಿ ನೋಡುತ್ತಿರಲಿಲ್ಲ, ಅಷ್ಟು ಹೆಸರು.

ಕಣ್ಣಿನ ತೊಂದರೆ ಮೊದಲು ಗೊತ್ತಾದದ್ದು ಹೂವಿನ ಬುಟ್ಟಿಯಲ್ಲಿ. ಮಾಂಯ್ ಕೊಯ್ದ ಬುಟ್ಟಿಯಲ್ಲಿ ನಾಳೆಯ ಮೊಗ್ಗು, ನಾಡಿದ್ದಿನ ಮೊಗ್ಗು ಎಲ್ಲ ಇದ್ದವು, ಹಸಿರು ಹಸಿರಾಗಿ.

“ಎಂತ ಮಾಂಯ್ ಇದು, ಎಳೆ ಮೊಗ್ಗು?” ಎಂದೆ.

“ಮಂಜು ಬಿದ್ದಿತ್ತು, ಕಾಣ್ಲಿಲ್ಲ,” ಎಂದರು.

ಅದು ಏಪ್ರಿಲ್ ತಿಂಗಳು. ನಮ್ಮಲ್ಲಿ ಏಪ್ರಿಲಿನಲ್ಲಿ ಎಲ್ಲಿಯ ಮಂಜು?

ಅವರಿಗೆ ಐದಾರು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗುತ್ತಿದ್ದರು, ಕೆಲವೊಮ್ಮೆ ಮರೆಯುತ್ತಿದ್ದರು. ಕಣ್ಣಿನ ಪೊರೆ ವಯಸ್ಸಿಗೆ ಬರುತ್ತದೆ, ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲ ಎಂದೇ ನಾವು ತಿಳಿದಿದ್ದೆವು. ಯಾರೂ ಬೇರೆ ಹೇಳಿರಲಿಲ್ಲ.

ಆ ಚಳಿಗಾಲದಲ್ಲಿ ಕಾರ್ಕಳದ ಒಂದು ಶಾಲೆಯಲ್ಲಿ ಕಣ್ಣಿನ ಶಿಬಿರವಾಯಿತು. ಮಾಂಯಿಯನ್ನು ಎರಡು ಬಸ್ಸು ಬದಲಿಸಿ ಕರೆದುಕೊಂಡು ಹೋದೆ. ಎರಡರಲ್ಲೂ ಕೂರಲು ಜಾಗ ಸಿಕ್ಕಿತು, ದೇವರಿಗೆ ಸ್ತೋತ್ರ. ಮಕ್ಕಳ ಬೆಂಚಿನ ಮೇಲೆ ಮೂರು ಗಂಟೆ ಕಾದೆವು. ನಮ್ಮ ಸರದಿ ಬಂದಾಗ ಒಬ್ಬ ಡಾಕ್ಟರು ಟಾರ್ಚು ಹಾಕಿದರು. ಬೆಂಕಿಕಡ್ಡಿ ಗೀರಿ ನಂದುವಷ್ಟು ಹೊತ್ತು ನೋಡಿರಬಹುದು.

“ಎಡಗಣ್ಣಿನ ಪೊರೆ ಇನ್ನೂ ಹಣ್ಣಾಗ್ಲಿಲ್ಲ. ಹಣ್ಣಾಗಲಿ. ಮುಂದಿನ ವರ್ಷ ಬನ್ನಿ.”

ನೋವು ಬಂದರೆ ಓಡಿ ಬನ್ನಿ ಎಂದು ಹೇಳಲಿಲ್ಲ. ಸಕ್ಕರೆ ಕಾಯಿಲೆ ಉಂಟಾ ಎಂದು ಕೇಳಲಿಲ್ಲ. ಕೇಳಬೇಕು ಎಂದು ನನಗೂ ತಿಳಿಯಲಿಲ್ಲ. ದೊಡ್ಡವರು ಹೇಳಿದ್ದಾರೆ, ಹಣ್ಣಾಗಲಿ ಎಂದು ಮನೆಗೆ ಬಂದೆವು. ಗಿಡದ ಮೊಗ್ಗು ಯಾವ ದಿನ ಅರಳುತ್ತದೆ ಎಂದು ನೋಡಿಯೇ ಹೇಳುತ್ತಿದ್ದ ಮಾಂಯ್, ತಮ್ಮ ಕಣ್ಣು ಹಣ್ಣಾಗುವುದನ್ನು ಕಾಯುತ್ತಾ ಕುಳಿತರು.

ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ಅವರಿಗೆ ವಾಂತಿ ಶುರುವಾಯಿತು, ಜೊತೆಗೆ ಎಡಗಡೆಯ ತಲೆನೋವು. ಕಣ್ಣು ಕೆಂಪಾಗಿ ಊದಿತ್ತು. ಪಿತ್ತ ಕೆರಳಿದೆ ಎಂದು ನಾನು ಜೀರಿಗೆ, ಕಾಳುಮೆಣಸಿನ ಕಷಾಯ ಮಾಡಿ ಕುಡಿಸಿದೆ. ಹಣೆಗೆ ಶುಂಠಿ ತೇಯ್ದು ಹಚ್ಚಿದೆ. ಒಂದು ದಿನವಲ್ಲ, ಮೂರು ದಿನ. ಆ ಮೂರು ದಿನವನ್ನು ನೆನೆದರೆ ನನ್ನ ಕೈಯನ್ನೇ ಕಚ್ಚಿಕೊಳ್ಳಬೇಕು ಅನಿಸುತ್ತದೆ. ನಾಲ್ಕನೆಯ ದಿನ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ವಿಭಾಗದಲ್ಲಿ ಒಬ್ಬ ಹಿರಿಯ ಡಾಕ್ಟರಮ್ಮ ಇದ್ದರು. ಎಡಗಣ್ಣಿಗೆ ಬೆಳಕು ಹಿಡಿದು, “ದೀಪ ಕಾಣ್ತದಾ ಅಮ್ಮಾ?” ಎಂದರು.

“ಎಲ್ಲಿ ಉಂಟು ದೀಪ?” ಎಂದರು ಮಾಂಯ್.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಪೊರೆ ಬಲಿತು ಬಲಿತು, ಅದರೊಳಗಿನ ದ್ರವ ಕಣ್ಣಿನೊಳಗೆ ಸೋರಿದೆ. ಕಣ್ಣಿನ ಒತ್ತಡ ಏರಿ ನರ ಸತ್ತಿದೆ. ಮೊದಲ ದಿನವೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ನೋವು ಮಾತ್ರ ಇಳಿಸಬಹುದು.

“ಹಣ್ಣಾಗಲಿ ಅಂತ ಹೇಳಿದ್ರು ಡಾಕ್ಟ್ರೇ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. “ಹಲಸಾ ಅದು, ಹಣ್ಣಾಗ್ಲಿಕ್ಕೆ?”

ಅವರು ಬೈಯಲಿಲ್ಲ. ಬಲಗಣ್ಣಿನಲ್ಲೂ ಪೊರೆ ಉಂಟು, ಕೈಯಳತೆಯ ದೂರದಲ್ಲಿ ಬೆರಳು ಎಣಿಸುವಷ್ಟು ಮಾತ್ರ ಕಾಣುತ್ತದೆ ಎಂದರು. “ಇದನ್ನು ಕಾಯುವುದು ಬೇಡ. ಆದ್ರೆ ಇವರ ಸಕ್ಕರೆ ವಿಪರೀತ ಉಂಟು. ಇಳಿಸದೆ ಕತ್ತಿ ಹಾಕಿದ್ರೆ ಗಾಯ ಕೂಡುವುದಿಲ್ಲ, ಕೀವಾಗಿ ಇದೂ ಹೋಗ್ತದೆ. ಮೂತ್ರದ ಪರೀಕ್ಷೆ ಹದಿನೈದು ದಿನ ಒಂದೇ ಸಮ ನೀಲಿ ಇಲ್ಲವೇ ಹಸಿರು ಬರ್ಬೇಕು. ಬಂದ ದಿನ ಕರ್ಕೊಂಡು ಬನ್ನಿ, ನಾನು ಮಾಡ್ತೇನೆ.”

ಇನ್ಸುಲಿನ್ ಶುರುವಾಯಿತು. ಚುಚ್ಚುವುದನ್ನು ಅಲ್ಲಿಯ ಒಬ್ಬ ನರ್ಸು ಕಲಿಸಿದಳು. ಮೊದಲು ಬದನೆಗೆ ಚುಚ್ಚಿ ಅಭ್ಯಾಸ ಮಾಡಿ ಎಂದಳು. ಮನೆಯಲ್ಲಿ ಮಟ್ಟುಗುಳ್ಳವಿತ್ತು, ನಮ್ಮ ಕಡೆಯ ದುಂಡು ಬದನೆ. ನಾಲ್ಕು ಗುಳ್ಳಕ್ಕೆ ನೀರು ಚುಚ್ಚಿ, ಆಮೇಲೆ ಅದನ್ನೇ ಸಾರು ಮಾಡಿದೆ. ಐದನೆಯದು ಮಾಂಯಿಯ ತೊಡೆ.

“ಗುಳ್ಳಕ್ಕೆ ಚುಚ್ಚುವಾಗ ಇಷ್ಟು ನಡುಗಿದ್ಯಾ?” ಎಂದು ಕೇಳಿದರು.

“ಅದು ಮಾತಾಡ್ತಿರ್ಲಿಲ್ಲ ಮಾಂಯ್,” ಎಂದೆ.

ದಿನವೂ ಬೆಳಿಗ್ಗೆ ಗಾಜಿನ ಸಿರಿಂಜು, ಸೂಜಿ ಎರಡನ್ನೂ ಹತ್ತು ನಿಮಿಷ ಕುದಿಸುವುದು. ಫ್ರಿಜ್ಜು ನಮ್ಮ ಓಣಿಯಲ್ಲೇ ಇರಲಿಲ್ಲ. ಇನ್ಸುಲಿನ್ ಬಾಟಲಿಯನ್ನು ಒಂದು ಸಣ್ಣ ಮಡಕೆಯ ಒದ್ದೆ ಮರಳಿನಲ್ಲಿ ಹೂತು, ನೀರಿನ ಹಂಡೆಯ ಪಕ್ಕದ ತಂಪಿನಲ್ಲಿ ಇಡುತ್ತಿದ್ದೆ. ಚುಚ್ಚಿ ಅರ್ಧ ಗಂಟೆಯೊಳಗೆ ಗಂಜಿ ಹೊಟ್ಟೆಗೆ ಬೀಳಲೇಬೇಕು, ತಪ್ಪಬಾರದು ಎಂದು ನರ್ಸು ಮೂರು ಸಲ ಹೇಳಿದ್ದಳು.

ಮೂತ್ರದ ಪರೀಕ್ಷೆ ಬೆಳಿಗ್ಗೆ, ಸಂಜೆ. ಗಾಜಿನ ನಳಿಗೆಯಲ್ಲಿ ಒಂದು ಚಮಚೆಯಷ್ಟು ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಎರಡು ನಿಮಿಷ ಕುದಿ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ. ಹಳದಿ, ಕಿತ್ತಳೆ ಆದರೆ ಹೆಚ್ಚು. ಇಟ್ಟಿಗೆಯ ಕೆಂಪಾದರೆ ವಿಪರೀತ. ಅಡುಗೆಮನೆಯಲ್ಲಿ ಮಾಡಲು ಮಾಂಯ್ ಬಿಡಲಿಲ್ಲ. ಬಚ್ಚಲಿನ ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾಡುತ್ತಿದ್ದೆ. ಮಳೆ ಬಂದರೆ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ನಳಿಗೆ.

“ನನ್ನ ಉಚ್ಚೆಯನ್ನು ಸೊಸೆ ಕುದಿಸುವ ಕಾಲ ಬಂತಲ್ಲ ಸಾಯ್ಬಾ,” ಎಂದು ಒಳಗಿನಿಂದ ದೇವರಿಗೆ ದೂರು ಹೇಳುತ್ತಿದ್ದರು.

ಬಣ್ಣವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಮನೆಯಲ್ಲಿ ಬರೆಯುತ್ತಿದ್ದೆ. ನೀಲಿಗೆ ‘ನೀ’, ಹಸಿರಿಗೆ ‘ಹ’, ಕೆಂಪಿಗೆ ‘ಕೆಂ’. ಮೊದಲ ವಾರ ಎಲ್ಲ ‘ಕೆಂ’. ಎರಡನೆಯ ವಾರದ ಕೊನೆಗೆ ‘ಹ’ ಬಂತು, ನಾನು ಒಗೆಯುವ ಕಲ್ಲಿನ ಮುಂದೆಯೇ ಶಿಲುಬೆ ಗುರುತು ಮಾಡಿಕೊಂಡೆ. ಆದರೆ ನಿಲ್ಲಲಿಲ್ಲ. ನಾಲ್ಕು ದಿನ ಹಸಿರು, ಮತ್ತೆ ಸಂಜೆಗೆ ಇಟ್ಟಿಗೆ ಕೆಂಪು. ಹದಿನೈದು ದಿನದ ಲೆಕ್ಕ ಮತ್ತೆ ಒಂದರಿಂದ.

ಇದರ ನಡುವೆ ಪಡುಬಿದ್ರಿಯಿಂದ ಭಾವ ಬಂದರು. ನನ್ನ ಗಂಡನ ಅಣ್ಣ, ಅಲ್ಲಿ ದಿನಸಿ ಅಂಗಡಿ ಇಟ್ಟವರು. ತಾಯಿಯ ಮುಂದೆಯೇ ಕುಳಿತು ನನಗೆ ಹೇಳಿದರು, “ನೀನು ಸುಮ್ಮನೆ ಓಡಾಡ್ತೀ ಮಾರಾಯ್ತಿ. ಈ ಪ್ರಾಯದಲ್ಲಿ ಅವರಿಗೆ ಇನ್ನು ಎಂತ ನೋಡ್ಲಿಕ್ಕುಂಟು? ಜಪಸರ ಹಿಡಿಲಿಕ್ಕೆ ಕಣ್ಣು ಬೇಕಾ?”

ನನಗೆ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ಅದನ್ನು ನುಂಗಿಕೊಂಡೆ. ಮಾಂಯ್ ನುಂಗಲಿಲ್ಲ.

“ಜಪಸರಕ್ಕೆ ಬೇಡ ಮಗಾ. ನಿನ್ನ ಅಂಗಡಿಯ ತಕ್ಕಡಿ ನೋಡ್ಲಿಕ್ಕೆ ಬೇಕು,” ಎಂದರು.

ಭಾವ ಚಹಾ ಕುಡಿಯದೆ ಎದ್ದರು.

ಇನ್ಸುಲಿನ್ ಬರೆದುಕೊಡುತ್ತಿದ್ದವರು ಉಡುಪಿಯ ಒಬ್ಬ ಡಾಕ್ಟರು. ಒಂದು ಗುರುವಾರ ಕ್ಯಾಲೆಂಡರನ್ನು ಸುರುಳಿ ಸುತ್ತಿ ಅವರ ಬಳಿಗೆ ತೆಗೆದುಕೊಂಡು ಹೋದೆ. ಅವರು ಬಿಡಿಸಿ ನೋಡಿದರು. ಬಾಗಿಲು ತೆರೆದೇ ಇತ್ತು, ಹೊರಗಿನ ಬೆಂಚಿನವರೆಲ್ಲ ಕೇಳುವ ಹಾಗೆ ಹೇಳಿದರು.

“ನೀವು ಹಿಂದಿನಿಂದ ಎಂತದೋ ತಿನ್ನಿಸ್ತಾ ಇದ್ದೀರಿ. ಪಾಪ ಅಂತ ಕೊಡುವುದು, ಆಮೇಲೆ ನಮ್ಮ ಮದ್ದು ಸರಿ ಇಲ್ಲ ಅನ್ನುವುದು.”

“ಇಲ್ಲ ಡಾಕ್ಟ್ರೇ. ನಮ್ಮಲ್ಲಿ ಸಕ್ಕರೆ ಡಬ್ಬಿಯನ್ನೇ...”

“ಬಣ್ಣ ಸುಳ್ಳು ಹೇಳ್ತದಾ?”

ಇನ್ಸುಲಿನ್ ಹೆಚ್ಚು ಮಾಡಿ ಬರೆದುಕೊಟ್ಟರು. ತಲೆ ತಗ್ಗಿಸಿಕೊಂಡು ಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಅಳುವುದು ಯಾರಿಗೂ ಕಾಣಲಿಲ್ಲ. ಅದನ್ನೂ ದೇವರ ದಯೆಯ ಪಟ್ಟಿಗೇ ಸೇರಿಸಿದೆ, ಹಲ್ಲು ಕಚ್ಚಿಕೊಂಡು.

ಮನೆಗೆ ಬಂದು ಕ್ಯಾಲೆಂಡರನ್ನು ಮೊಳೆಗೆ ನೇತುಹಾಕುವಾಗ ನನ್ನ ಕಣ್ಣಿಗೆ ಅದು ಬಿತ್ತು. ನಮ್ಮ ಕ್ಯಾಲೆಂಡರಿನಲ್ಲಿ ಸೋಮವಾರಕ್ಕೆ ಒಂದು, ಮಂಗಳವಾರಕ್ಕೆ ಒಂದು ಎಂದು ಒಂದೊಂದಕ್ಕೂ ಒಂದು ಅಡ್ಡ ಸಾಲು. ಮೂರನೆಯ ವಾರದಿಂದ ಈಚೆಗೆ ‘ಕೆಂ’ ಎಲ್ಲ ಎರಡೇ ಸಾಲಿನಲ್ಲಿ ನಿಂತಿದ್ದವು. ಬುಧವಾರದ ಸಂಜೆ, ಶುಕ್ರವಾರದ ಸಂಜೆ. ಬೇರೆ ದಿನಗಳಲ್ಲಿ ಹಸಿರೇ ಹಸಿರು.

ನನ್ನ ಅನುಮಾನ ನೇರವಾಗಿ ಪಕ್ಕದ ಮನೆಗೆ ಹೋಯಿತು. ಅಲ್ಲಿಯ ಅಕ್ಕ ತುಳು ಮಾತಿನವರು, ಅವರಿಗೂ ಮಲ್ಲಿಗೆ ಉಂಟು. ಕ್ರೈಸ್ತ ಹೆಂಗಸರನ್ನು ಕರೆಯುವ ರೂಢಿಯಂತೆ ನನ್ನನ್ನು ಬಾಯಿ ಎಂದೂ ಮಾಂಯಿಯನ್ನು ಬಾಯಮ್ಮ ಎಂದೂ ಕರೆಯುವವರು. ನಾನು ಹೂವು ಹಿಡಿದು ಕಟ್ಟೆಗೆ ಹೋದಾಗ ಮಾಂಯಿಯ ಹತ್ತಿರ ಬಂದು ಮಾತಾಡುತ್ತಾ ಕೂರುವವರು. ಬಂದವರಿಗೆ ಬೆಲ್ಲ, ನೀರು ಕೊಡದೆ ಕಳುಹಿಸುವ ಮನೆಯಲ್ಲ ಅವರದು. ಬೆಲ್ಲವೂ ಸಕ್ಕರೆಯೇ ಎಂದು ಅವರಿಗೆ ಕೈಮುಗಿದು ಹೇಳಿದ್ದೆ.

ಮರುದಿನ, ಶುಕ್ರವಾರ, ಹೂವನ್ನು ಬೇರೆಯವರ ಕೈಯಲ್ಲಿ ಕಟ್ಟೆಗೆ ಕಳುಹಿಸಿ, ದಾರಿಯಿಂದಲೇ ಹಿಂದೆ ಬಂದೆ. ಜಗಲಿಯಲ್ಲಿ ಮಾಂಯ್ ಕಂಬಕ್ಕೆ ಒರಗಿ ಕುಳಿತಿದ್ದರು. ಅಕ್ಕ ಅವರ ಗದ್ದ ಹಿಡಿದು ಬೆಲ್ಲದ ನೀರು ಕುಡಿಸುತ್ತಿದ್ದರು. ನನ್ನ ನೆತ್ತಿಗೆ ರಕ್ತ ಏರಿತು.

“ನಿಮಗೆ ಎಷ್ಟು ಸಲ ಹೇಳ್ಬೇಕು ಅಕ್ಕಾ? ಕಣ್ಣು ಹೋಗ್ತದೆ ಅಂತ ಹೇಳಿದ್ದೆನಲ್ಲ! ನಿಮ್ಮ ಬೆಲ್ಲಕ್ಕೆ ಬೆಂಕಿ ಬೀಳ್ಲಿ!”

ಅವರು ಲೋಟ ಕೆಳಗಿಡಲಿಲ್ಲ. “ಬೈಯುವುದಾದ್ರೆ ಆಮೇಲೆ ಬೈಯಿರಿ ಬಾಯಿ. ಮೊದಲು ಬಾಯಮ್ಮನ ಕೈ ಮುಟ್ಟಿ ನೋಡಿ.”

ಮುಟ್ಟಿದೆ. ಐಸಿನ ಹಾಗೆ ತಣ್ಣಗಿತ್ತು. ರವಕೆ ಬೆವರಿಗೆ ಪೂರ್ತಿ ಒದ್ದೆ. ತುಟಿ ನಡುಗುತ್ತಿತ್ತು, ನನ್ನನ್ನು ಬೇರೆ ಯಾವುದೋ ಹೆಸರು ಹಿಡಿದು ಕರೆದರು. ನಾನೂ ಪಕ್ಕ ಕುಳಿತು ಉಳಿದ ಬೆಲ್ಲದ ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು.

“ಪ್ರತಿ ಬುಧವಾರ, ಶುಕ್ರವಾರ ಹೀಗೇ,” ಎಂದರು ಅಕ್ಕ. “ನಿಮಗೆ ಹೇಳ್ಬಾರದು ಅಂತ ನನ್ನ ಹತ್ತಿರ ಆಣೆ ಹಾಕಿಸಿದ್ದಾರೆ. ಹೋದ ಬುಧವಾರಕ್ಕಿಂತ ಇವತ್ತು ಜೋರು. ನಾನು ಬರುವಾಗ ಮಾತೇ ಇರ್ಲಿಲ್ಲ.”

ಜೋರಾಗದೆ ಇರುತ್ತದೆಯೇ? ಡಾಕ್ಟರು ಹೆಚ್ಚಿಸಿದ ಇನ್ಸುಲಿನ್ ಅಂದೇ ಮೊದಲ ಸಲ ಖಾಲಿ ಹೊಟ್ಟೆಗೆ ಬಿದ್ದಿತ್ತು. ಖಾಲಿ ಹೊಟ್ಟೆ ಎಂದು ನನಗೆ ಗೊತ್ತಾದದ್ದು ಮೆಟ್ಟಿಲಿನ ಬಳಿಯ ಮಲ್ಲಿಗೆ ಗಿಡದ ಬುಡ ನೋಡಿದಾಗ. ನಾನು ಬಟ್ಟಲಿಗೆ ಬಡಿಸಿಟ್ಟು ಹೋಗಿದ್ದ ಗಂಜಿಯ ಅಗಳು ಅಲ್ಲಿ ಬೆಳ್ಳಗೆ ಬಿದ್ದಿತ್ತು, ಇರುವೆ ಮುತ್ತಿತ್ತು.

“ಎಂತ ಮಾಂಯ್ ಇದು?”

ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು. “ಹರಕೆ. ಸಾಂತಾ ಲೂಸಿಗೆ. ಬುಧವಾರ, ಶುಕ್ರವಾರ ಮಧ್ಯಾಹ್ನದ ತನಕ ಉಪವಾಸ. ಕಣ್ಣಿಗೆ ಕನ್ನಡಕ ಬರುವ ತನಕ.”

ಕಣ್ಣಿನ ಸಂತಳಿಗೆ ಒಂದು ಹರಕೆ ಹೇಳಿಕೊಳ್ಳಿ ಮಾಂಯ್ ಎಂದು ಅವರಿಗೆ ಹೇಳಿದವಳು ನಾನೇ. ಎಡಗಣ್ಣು ಹೋದ ವಾರ ಹೇಳಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಒಂದು ಮೇಣದ ಬತ್ತಿ. ಅವರು ಉಪವಾಸ ಹಿಡಿದಿದ್ದರು. ನಾನು ಸೂಜಿ ಚುಚ್ಚಿ ಹೂವು ಹಿಡಿದು ಹೊರಡುವುದು, ಅವರು ಗಂಜಿಯನ್ನು ಗಿಡಕ್ಕೆ ಹೊಯ್ಯುವುದು, ಸಕ್ಕರೆ ಪಾತಾಳಕ್ಕೆ ಇಳಿದು ನಡುಗುವುದು, ಅಕ್ಕ ಲೋಟ ಲೋಟ ಬೆಲ್ಲದ ನೀರು ಕುಡಿಸಿ ಬದುಕಿಸುವುದು, ಸಂಜೆ ನನ್ನ ನಳಿಗೆ ಇಟ್ಟಿಗೆಯ ಹಾಗೆ ಕೆಂಪಾಗುವುದು. ಅದನ್ನು ನೋಡಿ ಡಾಕ್ಟರು ಇನ್ನಷ್ಟು ಇನ್ಸುಲಿನ್ ಬರೆಯುವುದು. ನನ್ನ ಕೈಯಿಂದಲೇ ಅವರನ್ನು ಕೊಲ್ಲುವುದಕ್ಕೆ ಇನ್ನು ಎಷ್ಟು ಶುಕ್ರವಾರ ಬೇಕಿತ್ತು?

ಯಾರ ಮೇಲೆ ಕೋಪ ಮಾಡಲಿ? ನನ್ನ ಮೇಲೆ ಮಾಡಿದೆ. ಅಕ್ಕನ ಕಾಲು ಮುಟ್ಟಲು ಹೋದೆ. “ಬೈದದ್ದು ಬೈದಾಯ್ತಲ್ಲ, ಈಗ ಒಲೆಗೆ ಬೆಂಕಿ ಹಾಕಿ, ಬಾಯಮ್ಮನಿಗೆ ಗಂಜಿ ಮಾಡಿ,” ಎಂದು ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಹರಕೆ ಬಿಡಿ ಎಂದರೆ ಮಾಂಯ್ ಬಿಡುವವರಲ್ಲ. “ದೇವರಿಗೆ ಕೊಟ್ಟ ಮಾತು. ಮುರಿದ್ರೆ ಈ ಕಣ್ಣೂ ಹೋಗ್ತದೆ.”

“ಮುರಿಯದಿದ್ರೆ ಜೀವ ಹೋಗ್ತದೆ.”

“ಹೋಗ್ಲಿ.”

ಸೆರಗು ಹೊದ್ದು ಇಗರ್ಜಿಗೆ ನಡೆದೆ. ಪಾದ್ರಿಗಳು ಊಟಕ್ಕೆ ಕೂರುವ ಹೊತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಕಾಯಿಲೆಯವರಿಗೆ ಉಪವಾಸದ ಕಟ್ಟಿಲ್ಲ, ಬಿಡಬಹುದು ಎಂದರು.

“ನಿಮ್ಮ ಮಾತು ಅವರು ಕೇಳುವುದಿಲ್ಲ ಫಾದರ್. ಹರಕೆ ಹೇಳಿದ್ದು ಸಂತಳಿಗೆ, ನಿಮಗಲ್ಲ ಅನ್ನುತ್ತಾರೆ.”

ಅವರಿಗೆ ನಗು ಬಂತು, ನನಗೆ ಬರಲಿಲ್ಲ. ದಾರಿಯಲ್ಲಿ ಬರುವಾಗ ಯೋಚಿಸಿದ್ದನ್ನು ಅಲ್ಲಿಯೇ ಕೇಳಿದೆ. “ಆ ಹರಕೆಯನ್ನು ನನ್ನ ಮೇಲೆ ಹಾಕ್ಲಿಕ್ಕೆ ಆಗ್ತದಾ? ಅವರು ತಿನ್ನಲಿ, ನಾನು ಉಪವಾಸ ಮಾಡ್ತೇನೆ. ಅವರದ್ದು ಮಧ್ಯಾಹ್ನದ ತನಕ. ನನ್ನದು ಸಂಜೆಯ ತನಕ ಇರ್ಲಿ.”

ಪಾದ್ರಿಗಳು ಕೈ ತೊಳೆದು ನನ್ನ ಜೊತೆಯಲ್ಲೇ ಮನೆಗೆ ಬಂದರು. ಮಾಂಯಿಯ ತಲೆಯ ಮೇಲೆ ಕೈಯಿಟ್ಟು, ಅವರ ಹರಕೆಯನ್ನು ಇಳಿಸಿ ನನಗೆ ಹೊರಿಸಿದರು. ಮಾಂಯ್ ಒಪ್ಪಿದರು, ಆದರೆ ಪಾದ್ರಿಗಳು ಮೆಟ್ಟಿಲು ಇಳಿದ ಕೂಡಲೇ ನನ್ನ ಕಡೆ ತಿರುಗಿದರು.

“ನೀನು ನಿಜವಾಗಿ ಉಪವಾಸ ಮಾಡ್ತೀಯಾ, ಅಡುಗೆಮನೆಯಲ್ಲಿ ನಿಂತು ತಿನ್ತೀಯಾ, ನಾನು ಹೇಗೆ ನೋಡುವುದು?”

“ಅದಕ್ಕೇ ಕಣ್ಣು ಬೇಕು ಮಾಂಯ್. ಕಣ್ಣು ಬಂದ ಮೇಲೆ ನೋಡಿ.”

ಮರುದಿನ ಉಡುಪಿಯ ಡಾಕ್ಟರ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಕೇಳಿದರು. ಇನ್ಸುಲಿನ್ ಹಿಂದಿನ ಅಳತೆಗೆ ಇಳಿಸಿ ಬರೆದು, “ಮೊದಲೇ ಹೇಳ್ಬೇಕಿತ್ತಲ್ವಾ?” ಎಂದರು.

“ನೀವು ಮೊದಲೇ ಕೇಳ್ಬೇಕಿತ್ತಲ್ವಾ?” ಎಂದೆ. ಡಾಕ್ಟರಿಗೆ ಎದುರು ಮಾತು ಆಡಿದ್ದು ಅದೇ ಮೊದಲು. ಬಾಗಿಲು ಅವತ್ತೂ ತೆರೆದಿತ್ತು. ಬೆಂಚಿನವರು ಅದನ್ನೂ ಕೇಳಿದರು.

ಆ ಶನಿವಾರದಿಂದ ಹೊಸ ಲೆಕ್ಕ. ಸೂಜಿ ಚುಚ್ಚಿದ ಮೇಲೆ ಮಾಂಯ್ ಬಟ್ಟಲು ಬರಿದು ಮಾಡುವ ತನಕ ಎದುರು ಕೂರುತ್ತಿದ್ದೆ, ಹೂವು ಕಟ್ಟೆಗೆ ತಡವಾದರೆ ಆಗಲಿ. ಹಸಿರು, ಹಸಿರು, ನೀಲಿ, ಹಸಿರು. ಆ ವರ್ಷ ತೆನೆ ಹಬ್ಬ ಬುಧವಾರ ಬಿತ್ತು. ಹೊಸ ಅಕ್ಕಿಯ ಊಟದ ದಿನ, ಹೆಸರುಬೇಳೆ ಬೆಲ್ಲದ ಪಾಯಸ ಮಾಡದೆ ಇರುವಂತಿಲ್ಲ. ಮಾಡಿದೆ. ಮಾಂಯಿಗೆ ಸಕ್ಕರೆ ಕಾಯಿಲೆ, ನನಗೆ ಉಪವಾಸ. ಪಡುಬಿದ್ರಿಯ ಭಾವ ಒಬ್ಬರೇ ಮೂರು ಬಟ್ಟಲು ಕುಡಿದು, ಏಲಕ್ಕಿ ಕಡಿಮೆಯಾಯಿತು ಎಂದರು. ಅವರ ತಲೆಗೆ ಸೌಟಿನಿಂದ ಹೊಡೆಯದ ಹಾಗೆ ನನ್ನ ಕೈ ತಡೆದ ದೇವರಿಗೆ ಸ್ತೋತ್ರ.

ಹದಿನೈದನೆಯ ದಿನದ ಬೆಳಿಗ್ಗೆಯೂ ನಳಿಗೆ ಹಸಿರಾಯಿತು. ಅವತ್ತೇ ಮಣಿಪಾಲದ ಬಸ್ಸು ಹತ್ತಿದೆವು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ವಾರ್ಡಿಗೆ ಒಬ್ಬ ಹುಡುಗಿ ಬಂದಳು. ಬಿಳಿ ಕೋಟು, ಕೈಯಲ್ಲಿ ಒಂದು ಫ್ಲಾಸ್ಕು. ಮೈಸೂರು ಕಡೆಯ ಕನ್ನಡ. ತಾನು ಪ್ರಯೋಗಾಲಯದಲ್ಲಿ ಪೊರೆಯ ಬಗ್ಗೆಯೇ ಓದುತ್ತಿರುವವಳು, ನಾಳೆ ತೆಗೆಯುವ ಪೊರೆಗಟ್ಟಿದ ಮಸೂರವನ್ನೂ ಒಂದಿಷ್ಟು ರಕ್ತವನ್ನೂ ಪರೀಕ್ಷೆಗೆ ಕೊಡುತ್ತೀರಾ ಎಂದು ಕೇಳಿದಳು.

“ಎಂತಕ್ಕೆ?” ಎಂದೆ ಒರಟಾಗಿ. ಆಸ್ಪತ್ರೆಯವರು ಏನು ಕೇಳಿದರೂ ನನಗಾಗ ಸಿಡಿಮಿಡಿ.

ಅವಳು ಬೇಸರಿಸದೆ ಸ್ಟೂಲು ಎಳೆದು ಕುಳಿತಳು. “ನೀವು ಬಾಳೆಕಾಯಿ ಹೆಚ್ಚಿ ಹಾಗೇ ಇಟ್ಟರೆ ಏನಾಗುತ್ತಮ್ಮ?”

“ಕಪ್ಪಾಗ್ತದೆ. ಅದಕ್ಕೇ ಮಜ್ಜಿಗೆ ನೀರಿನಲ್ಲಿ ಹಾಕುವುದು.”

“ಕಪ್ಪು ಮಾಡೋದರಲ್ಲಿ ಗಾಳಿಯ ಆಮ್ಲಜನಕದ ಕೈವಾಡ ಇದೆ. ನಮ್ಮನ್ನು ಬದುಕಿಸಿರೋದೂ ಅದೇ, ಒಳಗಿಂದ ಸವೆಸೋದೂ ಅದೇ. ಕಣ್ಣಿನ ಮಸೂರದೊಳಗೂ ಮಜ್ಜಿಗೆ ನೀರಿನ ಥರ ಕಾಯೋ ಪದಾರ್ಥಗಳಿವೆ. ವಯಸ್ಸಾದ ಹಾಗೆ ಕಮ್ಮಿ ಆಗ್ತಾ ಹೋಗ್ತವೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ ಮುಗಿದುಹೋಗ್ತವೆ ಅಂತ ಕಾಣುತ್ತೆ. ಮಸೂರಕ್ಕೆ ರಕ್ತನಾಳ ಇಲ್ಲ, ಕೆಟ್ಟದ್ದನ್ನ ತೆಗೆದು ಹೊಸದು ಹಾಕೋ ದಾರಿ ಇಲ್ಲ. ಆಗ ಅದರ ತಿಳಿಯಾದ ಪ್ರೋಟೀನು, ಬೆಂದ ಮೊಟ್ಟೆಯ ಬಿಳಿ ಥರ, ಬೆಳ್ಳಗಾಗಿಬಿಡುತ್ತೆ, ಕೆಲವರದ್ದು ಕಂದಾಗುತ್ತೆ.”

“ಹಾಗಾದ್ರೆ ಹಣ್ಣಾಗುವುದಲ್ಲ ಅದು?”

“ಹಣ್ಣಲ್ಲಮ್ಮ. ಕೆಡೋದು.”

ಕೈ ತಾಗಿದ ಮಲ್ಲಿಗೆ ಸಂಜೆಗೆ ಅಂಚು ಕಂದುವುದನ್ನು ನಾನು ದಿನವೂ ನೋಡಿದವಳು. ಅದನ್ನು ಹಣ್ಣು ಎಂದು ಯಾರೂ ಕರೆಯುವುದಿಲ್ಲ. ವರ್ಷಗಟ್ಟಲೆ ನೆರೆಹೊರೆಯವರು ಏನೇನು ಹೇಳಿದ್ದರು! ಹೊಗೆಯಿಂದ ಬಂತು, ಚಿಂತೆಯಿಂದ ಬಂತು, ಯಾರದೋ ದೃಷ್ಟಿ, ಮಾಡಿದ ಪಾಪ. ಬಾಳೆಕಾಯಿ ಹೆಚ್ಚುವ ಹೆಂಗಸಿಗೆ ತಿಳಿಯುವ ಹಾಗೆ ಎರಡು ನಿಮಿಷದಲ್ಲಿ ಹೇಳಲು ಸಾಧ್ಯವಿತ್ತು. ಕ್ರಮೇಣ ಕೆಡುತ್ತದೆ, ಸಕ್ಕರೆ ಹಿಡಿತದಲ್ಲಿಡಿ, ನೋವು ಬಂದರೆ ಓಡಿ ಬನ್ನಿ, ಇಷ್ಟೇ. ಕಾರ್ಕಳದ ಆ ಬೆಂಚಿನ ಮೇಲೆ ಮೂರು ಗಂಟೆ ಕೂತಿದ್ದೆವಲ್ಲ, ಆಗ ಹೇಳಬಹುದಿತ್ತು.

“ಹಾಗಾದ್ರೆ ಅದು ಬಾರದ ಹಾಗೆ ಮಾಡುವ ಮದ್ದು ಉಂಟಾ?” ಎಂದು ಕೇಳಿದೆ.

“ಇಲ್ಲಮ್ಮ. ಇನ್ನೂ ಗೊತ್ತಿಲ್ಲ. ಅದಕ್ಕೇ ಕೇಳ್ತಿರೋದು.”

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದವರನ್ನು ಅಷ್ಟು ದಿನದಲ್ಲಿ ಮೊದಲ ಸಲ ಕಂಡೆ. ನನ್ನ ಸಿಡುಕು ಅವಳ ಮಟ್ಟಿಗೆ ಇಳಿಯಿತು. ಮಾಂಯ್ ಹಾಸಿಗೆಯಿಂದಲೇ ತೀರ್ಪು ಕೊಟ್ಟರು. “ಕೊಡು ಮಾರಾಯ್ತಿ. ಅದನ್ನು ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಿಕ್ಕುಂಟಾ?”

ಮರುದಿನ ಡಾಕ್ಟರಮ್ಮ ಮಸೂರವನ್ನು ಇಡಿಯಾಗಿ ತೆಗೆದರು. ಆ ಹುಡುಗಿ ಫ್ಲಾಸ್ಕಿನ ಐಸಿನಲ್ಲಿಟ್ಟು ಕೊಂಡುಹೋಗುವ ಮೊದಲು ನನಗೆ ತೋರಿಸಿದಳು. ಒಂದು ತೊಗರಿಕಾಳಿನಷ್ಟು ದೊಡ್ಡದು, ಕಂದು ಬಣ್ಣ. ಇಷ್ಟಕ್ಕಾಗಿಯೇ ಇಷ್ಟೆಲ್ಲ.

ಆಮೇಲಿನ ದಿನಗಳೇ ಹೆಚ್ಚು ಕಷ್ಟ. ಎರಡೂ ಕಣ್ಣಿಗೆ ಪಟ್ಟಿ. ತಲೆಯ ಎರಡೂ ಬದಿಗೆ ಮರಳಿನ ಚೀಲ. ಕೆಮ್ಮಬಾರದು, ಸೀನಬಾರದು, ಮಗ್ಗುಲಾಗಬಾರದು. ಜಗಿಯುವಂತಿಲ್ಲ, ಗಂಜಿಯ ತಿಳಿಯನ್ನು ಚಮಚೆಯಲ್ಲಿ ಹನಿಸಬೇಕು. ಪ್ರಾರ್ಥನೆಯ ಹೊತ್ತಿಗೆ ಮಂಡಿಯೂರಲು ಏಳುತ್ತಾರೆಂದು ಅವರ ಹಣೆಯ ಮೇಲೆ ನನ್ನ ಅಂಗೈ ಇಟ್ಟೇ ತೇರ್ಸು, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತಿದ್ದೆ. ಅಲ್ಲಿಯೂ ನನ್ನ ನಳಿಗೆ ಬಿಡಲಿಲ್ಲ. ವಾರ್ಡಿನವರು ದಿನಕ್ಕೊಮ್ಮೆ ನೋಡುತ್ತಿದ್ದರು, ನಾನು ಎರಡು ಸಲ. ನೀವು ನಮ್ಮನ್ನು ನಂಬುವುದಿಲ್ಲವಾ ಎಂದು ನರ್ಸು ಕೇಳಿದಳು. ಇಲ್ಲ ಎಂದೆ. ಗಾಯ ಕೀವಾಗಲಿಲ್ಲ. ಪಟ್ಟಿ ಬಿಚ್ಚಿದ ದಿನ ಕಿಟಕಿ ಎಲ್ಲಿದೆ ಎಂದು ಮಾಂಯ್ ಕೈ ತೋರಿಸಿದರು, ಸರಿಯಾಗಿ ಕಿಟಕಿಗೇ.

ಕನ್ನಡಕಕ್ಕೆ ಆರೇಳು ವಾರ ಕಾಯಬೇಕಾಯಿತು. ಸೋಡಾ ಬಾಟಲಿಯ ತಳದ ಹಾಗೆ ದಪ್ಪ ಗಾಜು. ಅದು ಬಂದದ್ದು ಒಂದು ಶುಕ್ರವಾರ. ಮಧ್ಯಾಹ್ನ ಮನೆಗೆ ಮುಟ್ಟಿ ಮಾಂಯಿಯನ್ನು ಜಗಲಿಯಲ್ಲಿ ಕೂರಿಸಿ ಕಿವಿಗೆ ಸಿಕ್ಕಿಸಿದೆ.

ಬಾಗಿಲು ನೋಡಿದರು. “ಇದ್ಯಾಕೆ ಬಾಗಿದೆ?” ಎಂದರು. ಕಂಬ ನೋಡಿದರು. ನಾನು ಬೆಳಿಗ್ಗೆ ಕಟ್ಟಿ ಉಳಿಸಿದ್ದ ಒಂದು ಮೊಳ ಹೂವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು, “ಇದಾ ನೀನು ಇಷ್ಟು ತಿಂಗಳು ಕಟ್ಟೆಗೆ ಕೊಟ್ಟದ್ದು? ದನ ಕಟ್ಟುವ ಗಂಟು,” ಎಂದರು. ಆಮೇಲೆ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಇಲ್ಲಿ ಬಾ.”

ಹೋದೆ. ಕೊರಳಿನ ಕೆಳಗೆ ಬೆರಳಿಟ್ಟರು. “ಎಲುಬು ಕಾಣ್ತದೆ. ರವಕೆ ಸಡಿಲ ಆಗಿದೆ. ನೀನು ಉಪವಾಸ ಮಾಡಿದ್ದು ಹೌದು.”

ನನಗೆ ಸಿಟ್ಟು ಒತ್ತರಿಸಿ ಬಂತು. “ಇಷ್ಟು ದಿನ ನಂಬಿರ್ಲಿಲ್ವಾ ಮಾಂಯ್?”

“ಅರ್ಧ ನಂಬಿದ್ದೆ. ಒಂದೇ ಕಣ್ಣಲ್ವಾ?”

ನನ್ನನ್ನು ಕೂರಿಸಿ ತಾವೇ ಅಡುಗೆಮನೆಗೆ ಹೋದರು. ಆ ಗಾಜಿನಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರ ಕಾಣುತ್ತದಂತೆ. ಮೊದಲನೆಯ ಸೌಟು ಗಂಜಿ ನೆಲಕ್ಕೆ ಬಿತ್ತು. ಎರಡನೆಯದು ಬಟ್ಟಲಿಗೆ ಬಿತ್ತು. ಹರಕೆ ಮುಗಿಯಿತು, ತಿನ್ನು ಎಂದು ಎದುರು ಕುಳಿತರು, ನಾನು ಅವರ ಎದುರು ಕೂರುತ್ತಿದ್ದ ಹಾಗೆಯೇ, ಬಟ್ಟಲು ಬರಿದಾಗುವ ತನಕ.

ದಪ್ಪ ಗಾಜಿನ ಹಿಂದೆ ಬಲಗಣ್ಣು ನನ್ನನ್ನು ನೋಡುತ್ತಿತ್ತು. ಬೆಳ್ಳಗಾದ ಎಡಗಣ್ಣು ಗೋಡೆಯ ಕಡೆಗಿತ್ತು. ಊಟದ ಪ್ರಾರ್ಥನೆಯಲ್ಲಿ ಬಲಗಣ್ಣಿಗಾಗಿ ದೇವರಿಗೆ ಮನಸಾರೆ ಸ್ತೋತ್ರ ಹೇಳಿದೆ. ಎಡಗಣ್ಣಿನ ಮಾತು ಎತ್ತಲಿಲ್ಲ. ಆ ಕಣ್ಣಿನ ಲೆಕ್ಕವನ್ನು ಬಿಟ್ಟುಕೊಟ್ಟಿದ್ದೇನೆ ಎಂದಲ್ಲ.